ಕರೆಯದೆ ಬರುವ ಮಾಡ್ಯೂಲ್

ಲಿನಕ್ಸ್‌ಗೆ ಅತಿಥಿ ಸತ್ಕಾರ ಸ್ವಲ್ಪ ಜಾಸ್ತಿ. ಯುಎಸ್‌ಬಿಗೆ ಏನೇ ಚುಚ್ಚಿ, ಅದರ ಐಡಿ ನೋಡಿ ಹೊಂದುವ ಮಾಡ್ಯೂಲ್ ಹುಡುಕಿ ಲೋಡ್ ಮಾಡೇ ಬಿಡುತ್ತೆ. ನಮ್ಮನ್ನ ಒಂದು ಮಾತೂ ಕೇಳಲ್ಲ. ಹೆಚ್ಚಿನ ಸಲ ಅದು ಒಳ್ಳೇದೇ. ನಮ್ಮ ಮಿನಿ ಪ್ರಾಜೆಕ್ಟ್‌ಗೆ ಮಾತ್ರ ಅದೇ ಅಡ್ಡ ಬಂತು.

ನಮ್ಮದು ಎಸ್‌ಡಿಆರ್ ರೇಡಿಯೋ. ಆರ್‌ಟಿಎಲ್2832ಯು ಚಿಪ್‌ನ ಡಾಂಗಲ್ ಹುಟ್ಟಿದ್ದು ಟಿವಿ ನೋಡೋಕೆ. ಅದರಿಂದ ಕಚ್ಚಾ 8-ಬಿಟ್ ಸ್ಯಾಂಪಲ್‌ಗಳನ್ನು ನೇರವಾಗಿ ತೆಗೆಯಬಹುದು ಅಂತ 2012ರ ಸುಮಾರಿಗೆ ಹವ್ಯಾಸಿಗಳು ಕಂಡುಕೊಂಡ ಮೇಲೆ ಅದು ಬಡವರ ರಿಸೀವರ್ ಆಯ್ತು. ಕರ್ನಲ್ ಪಾಲಿಗೆ ಮಾತ್ರ ಇವತ್ತಿಗೂ ಟಿವಿನೇ. ಬೂಟ್ ಆಗುವಾಗ ಡಾಂಗಲ್ ಇದ್ದರೆ ‘ಡಿವಿಬಿ_ಯುಎಸ್‌ಬಿ_ಆರ್‌ಟಿಎಲ್28ಎಕ್ಸ್‌ಎಕ್ಸ್‌ಯು’ ಅನ್ನೋ ಮಾರುದ್ದ ಹೆಸರಿನ ಮಾಡ್ಯೂಲ್ ಬಂದು ಅದನ್ನ ಹಿಡಿದುಕೊಂಡು ಕೂರುತ್ತೆ. ನಮ್ಮ ಪ್ರೋಗ್ರಾಂಗೆ ಜಾಗವೇ ಇಲ್ಲ. ತಮಾಷೆ ಅಂದ್ರೆ ದೂರದರ್ಶನದ ಡಿಜಿಟಲ್ ಪ್ರಸಾರ ಇರೋದು ಡಿವಿಬಿ-ಟಿ2ನಲ್ಲಿ, ಈ ಚಿಪ್‌ಗೆ ಗೊತ್ತಿರೋದು ಹಳೇ ಡಿವಿಬಿ-ಟಿ. ಟಿವಿನೂ ಬರಲ್ಲ, ರೇಡಿಯೋಗೂ ಬಿಡಲ್ಲ.

‘ಮಾಡ್‌ಪ್ರೋಬ್ -ಆರ್’ ಕೊಟ್ರೆ ಎದ್ದು ಹೋಗುತ್ತೆ, ರೀಬೂಟ್ ಆದ್ರೆ ಮತ್ತೆ ಹಾಜರ್. ಲ್ಯಾಬ್ ಸಿಸ್ಟಮ್‌ನಲ್ಲಿ ನಮಗೆ ಸುಡೋ ಇಲ್ಲ. ರಿವ್ಯೂ ಹೊತ್ತಲ್ಲಿ ಕರೆಂಟ್ ಹೋಗಿ ಬಂದ್ರೆ ಮಾರ್ಕ್ಸ್ ಗೋವಿಂದ.

ಮದ್ದು ಒಂದೇ ಸಾಲು. ಇಟಿಸಿ ಒಳಗಿನ ‘ಮಾಡ್‌ಪ್ರೋಬ್.ಡಿ’ ಫೋಲ್ಡರ್‌ನಲ್ಲಿ ಒಂದು ಫೈಲ್, ಅದರಲ್ಲಿ ‘ಬ್ಲ್ಯಾಕ್‌ಲಿಸ್ಟ್’, ಪಕ್ಕದಲ್ಲಿ ಮಾಡ್ಯೂಲ್ ಹೆಸರು. ಫೈಲ್ ಹೆಸರು ‘.ಕಾನ್ಫ್’ ಅಂತಲೇ ಮುಗೀಬೇಕು, ಇಲ್ಲಾಂದ್ರೆ ಲೆಕ್ಕಕ್ಕೇ ಇಲ್ಲ. ಆದ್ರೆ ಈ ಬ್ಲ್ಯಾಕ್‌ಲಿಸ್ಟ್ ಹೆಸರಿನಷ್ಟು ಕಟುವಲ್ಲ. ಐಡಿ ನೋಡಿ ತಾನಾಗೇ ಬರೋದನ್ನಷ್ಟೇ ತಡೆಯುತ್ತೆ. ಇನ್ನೊಂದು ಮಾಡ್ಯೂಲ್‌ಗೆ ಇದು ಬೇಕಾದ್ರೆ, ಅಥವಾ ಯಾರಾದ್ರೂ ಹೆಸರು ಹಿಡಿದು ಕರೆದ್ರೆ, ಬಂದೇ ಬರುತ್ತೆ. ಪೂರ್ತಿ ಬಾಗಿಲು ಹಾಕಬೇಕಂದ್ರೆ ‘ಇನ್‌ಸ್ಟಾಲ್’ ಸಾಲು ಬರೆದು, ಮಾಡ್ಯೂಲ್ ಬದಲು ‘ಬಿನ್’ನಲ್ಲಿರೋ ‘ಫಾಲ್ಸ್’ ಓಡೋ ಹಾಗೆ ಮಾಡಬೇಕು. ಎನ್ವಿಡಿಯಾ ಡ್ರೈವರ್‌ಗಾಗಿ ‘ನೂವೋ’ ತಡೆಯೋರಿಗೆ ಇನ್ನೊಂದು ಕೆಲಸ: ಅದು ಇನಿಟ್‌ರಾಮ್‌ಎಫ್‌ಎಸ್ ಒಳಗೂ ಇರಬಹುದು, ಉಬುಂಟುನಲ್ಲಿ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಓಡಿಸಿ.

“ಅರವತ್ತು ಜನ ಬಳಸೋ ಸಿಸ್ಟಮ್ ಕಣಪ್ಪಾ, ಬೇರೇನಾದ್ರೂ ಕೆಟ್ರೆ ನೀನು ಬರ್ತೀಯಾ?” ಅಂದ್ರು ಲ್ಯಾಬ್ ಸರ್. ಕೇಳಿದ್ದು ನ್ಯಾಯವೇ. ‘ಎಲ್‌ಎಸ್‌ಮಾಡ್’ ಓಡಿಸಿ ಕೊನೇ ಕಾಲಂ ತೋರಿಸಿದೆ: ಇದನ್ನ ನೆಚ್ಚಿಕೊಂಡ ಮಾಡ್ಯೂಲ್ ಒಂದೂ ಇಲ್ಲ. “ಬೇಡ ಅನ್ಸಿದ್ರೆ ಆ ಫೈಲ್ ಡಿಲೀಟ್ ಮಾಡಿ ಸರ್, ಮೊದಲಿನ ಹಾಗೇ ಆಗುತ್ತೆ.”

ಕೀಬೋರ್ಡ್ ಎಳ್ಕೊಂಡು ಆ ಸಾಲನ್ನ ಅವರೇ ಟೈಪ್ ಮಾಡಿದ್ರು. ರೀಬೂಟ್ ಆದ ಮೇಲೆ 101.3 ಮೆಗಾಹರ್ಟ್ಸ್‌ಗೆ ಟ್ಯೂನ್ ಮಾಡಿದ್ವಿ. ಬೆಂಗಳೂರು ಆಕಾಶವಾಣಿಯ ಎಫ್‌ಎಂ ರೇನ್‌ಬೋ, ಸ್ವಲ್ಪ ಗೊರಗೊರ ಸಮೇತ. “ಸೌಂಡ್ ಕೊಡ್ರೋ” ಅಂದ್ರು ಸರ್.