ಮೋಟರ್ ಹಾಕಕ್ಕೆ ನಡೀತಿದ್ದ ನಡಿಗೆ

ಇವತ್ತು ಬೆಳೆ ವಿಷಯ ಅಲ್ಲ ಸ್ನೇಹಿತರೆ, ನಮ್ಮ ಹೊಟ್ಟೆ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಎರಡು ವರ್ಷದ ಹಿಂದೆ ರಾಗಿ ಕುಯ್ಲಿನ ಟೈಮಲ್ಲಿ ನಮ್ಮಣ್ಣನಿಗೆ ಮಲದಲ್ಲಿ ರಕ್ತ ಬರಕ್ಕೆ ಶುರುವಾಯ್ತು. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಮೂಲವ್ಯಾಧಿ ಇರಬೇಕು, ಉಷ್ಣ ಆಗಿದೆ ಅಂದ್ಕೊಂಡು ಮಜ್ಜಿಗೆ ಕುಡಿದ, ನಾಟಿ ಔಷಧಿ ತಗೊಂಡ. ಏಳು ತಿಂಗಳು ಹೀಗೇ ಕಳೀತು. ಆಮೇಲೆ ಒಂದು ಮೂಟೆ ಕೊಬ್ಬರಿ ಎತ್ತಕ್ಕೂ ಆಗದಷ್ಟು ಸುಸ್ತು. ಅತ್ತಿಗೆ ಹಟ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋದ್ರು. ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಯ್ತು, ಕೀಮೋನೂ ಮುಗೀತು.

ಡಾಕ್ಟ್ರು ಆಮೇಲೆ ನನ್ನ ಕಡೆ ತಿರುಗಿ, "ಒಡಹುಟ್ಟಿದವರಿಗೂ ಅಪಾಯ ಸ್ವಲ್ಪ ಹೆಚ್ಚು, ನೀವೂ ಪರೀಕ್ಷೆ ಮಾಡಿಸ್ಕೊಳ್ಳಿ. ದಿನಾ ವ್ಯಾಯಾಮ ಏನು ಮಾಡ್ತೀರ?" ಅಂದ್ರು. ನನಗೆ ನಗು ಬಂತು. "ಸಾರ್, ರೈತರಿಗೆ ಬೇರೆ ವ್ಯಾಯಾಮ ಯಾಕೆ?" ಅಂದೆ. "ಹಾಗಾದ್ರೆ ನಿನ್ನೆ ಏನೇನು ಕೆಲಸ ಮಾಡಿದ್ರಿ ಹೇಳಿ" ಅಂದ್ರು.

ಹೇಳಕ್ಕೆ ಹೋದೆ, ಬಾಯಿ ಕಟ್ಟಿತು. ತೋಟಕ್ಕೆ ಬೈಕಲ್ಲಿ ಹೋಗಿದ್ದೆ. ಉಳುಮೆ ಟ್ರ್ಯಾಕ್ಟರಲ್ಲಿ. ನೀರು ಡ್ರಿಪ್ಪಲ್ಲಿ. ಕಾಯಿ ಕೀಳೋರು, ಸುಲಿಯೋರು ಬೇರೆಯವರು. ಹಿಂದೆ ರಾತ್ರಿ ಕರೆಂಟ್ ಬಂದ್ರೆ ಬ್ಯಾಟರಿ ಹಿಡ್ಕೊಂಡು ಬೋರ್ ಹತ್ರ ಓಡ್ತಿದ್ವಿ, ಈಗ ಮಂಚದ ಮೇಲಿಂದ ಮೊಬೈಲಲ್ಲೇ ಮೋಟರ್ ಆನ್. ಮನೆಗೆ ಬಂದು ಫೋನಲ್ಲಿ ಹೆಜ್ಜೆ ಲೆಕ್ಕ ನೋಡಿದೆ: ಇಡೀ ದಿನಕ್ಕೆ 2,100. ನಮ್ಮಪ್ಪ ನೇಗಿಲು ಹಿಡಿದು ಬೆಳಗಿನ ಜಾವದಲ್ಲೇ ಅದಕ್ಕಿಂತ ಜಾಸ್ತಿ ನಡೀತಿದ್ರು.

ನನ್ನ ಪರೀಕ್ಷೆಲಿ ಒಂದು ಪಾಲಿಪ್ ಸಿಕ್ತು, ಅಂದ್ರೆ ಕರುಳಿನ ಒಳಗೋಡೆಲಿ ಸಣ್ಣ ಗಂಟು. ಅಲ್ಲೇ ತೆಗೆದ್ರು. ಇಂಥ ಕೆಲವು ಗಂಟು ಹಾಗೇ ಬಿಟ್ರೆ ಹತ್ತಾರು ವರ್ಷದಲ್ಲಿ ಕ್ಯಾನ್ಸರ್ ಆಗಬಹುದಂತೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಡಾಕ್ಟ್ರು ಹೇಳಿದ್ದು, ನಾನು ಆಮೇಲೆ ಓದಿದ್ದು ಇಷ್ಟು. ಚೆನ್ನಾಗಿ ಮೈ ಬಗ್ಗಿಸೋರಿಗೆ ಈ ಕ್ಯಾನ್ಸರ್ ಬರೋ ಸಾಧ್ಯತೆ, ಕೂತೇ ಇರೋರಿಗಿಂತ ಸುಮಾರು 5ರಲ್ಲಿ 1 ಪಾಲು ಕಮ್ಮಿ. ನಡೆದ್ರೆ ರಕ್ತದಲ್ಲಿ ಇನ್ಸುಲಿನ್ ಹತೋಟಿಗೆ ಬರುತ್ತೆ, ಒಳಗಿನ ಉರಿಯೂತ ಇಳಿಯುತ್ತೆ, ಹೊಟ್ಟೆ ಬೊಜ್ಜು ಕರಗುತ್ತೆ. ಕಾಯಿಲೆ ಬಂದೋರಿಗೂ ಉಪಯೋಗ ಇದೆ. ಕೆನಡಾ, ಆಸ್ಟ್ರೇಲಿಯಾ ಮುಂತಾದ ಕಡೆ ಆಪರೇಷನ್, ಕೀಮೋ ಮುಗಿಸಿದ್ದ 889 ಜನರ ಮೇಲೆ ಮಾಡಿದ ಅಧ್ಯಯನ 2025ರಲ್ಲಿ ಬಂತು. ಮೂರು ವರ್ಷ ಹೇಳಿಕೊಟ್ಟು ವ್ಯಾಯಾಮ ಮಾಡಿಸಿದ ಗುಂಪಲ್ಲಿ 8 ವರ್ಷದ ನಂತರ 100ಕ್ಕೆ 90 ಜನ ಬದುಕಿದ್ರು. ಬರೀ ಪುಸ್ತಕ ಕೊಟ್ಟು ಕಳಿಸಿದ ಗುಂಪಲ್ಲಿ 83.

ನಡೆದೋರಿಗೆ ಬರೋದೇ ಇಲ್ಲ ಅಂತಲ್ಲ. ನಮ್ಮಣ್ಣನಿಗೆ ಕೂತಿದ್ದರಿಂದಲೇ ಬಂತು ಅಂತಲೂ ಹೇಳಕ್ಕಾಗಲ್ಲ. ಆದ್ರೆ ನಮ್ಮ ಕೈಲಿರೋದು ಇದೊಂದು.

ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕಮ್ಮಿ ಅಂದ್ರೂ 150 ನಿಮಿಷ ಅನ್ನುತ್ತೆ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ, ಮಾತಾಡಬಹುದು ಆದ್ರೆ ಹಾಡು ಹೇಳಕ್ಕೆ ಉಸಿರು ಸಾಲಬಾರದು, ಅಷ್ಟು ಜೋರು ನಡಿಗೆ. ನಾನು ತೋಟಕ್ಕೆ ಬೈಕ್ ಬಿಟ್ಟೆ. ತೆಂಗಿನ ಪಾತಿ ನಾನೇ ಗುದ್ದಲಿ ಹಿಡಿದು ಮಾಡ್ತಿದೀನಿ. ಅಣ್ಣ ಮೊದಲು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ ಕೂತ್ಕೊಳ್ತಿದ್ದ, ಈಗ ನನ್ನ ಜೊತೆ ನಾಲೆ ಏರಿ ಮೇಲೆ ತೂಬಿನ ತನಕ ಬರ್ತಾನೆ.

ಕೊನೇದಾಗಿ, ಮಲದಲ್ಲಿ ರಕ್ತ ಬಂದ್ರೆ, ಹೊಟ್ಟೆಯ ಅಭ್ಯಾಸ ಬದಲಾಗಿ ವಾರಗಟ್ಟಲೆ ಸರಿಹೋಗದಿದ್ರೆ, ಕಾರಣ ಇಲ್ಲದೆ ತೂಕ ಇಳಿದ್ರೆ ಮೂಲವ್ಯಾಧಿ ಅಂತ ನೀವೇ ತೀರ್ಮಾನ ಮಾಡಬೇಡಿ, ತೋರಿಸ್ಕೊಳ್ಳಿ. ನಮ್ಮಣ್ಣ ಕಳ್ಕೊಂಡ ಏಳು ತಿಂಗಳು ನೀವು ಕಳ್ಕೋಬೇಡಿ.

ಬೆಳಗ್ಗೆ 6 ಗಂಟೆಗೆ ನಾಲೆ ಏರಿ ಮೇಲೆ ನಾವಿಬ್ಬರೂ ಇರ್ತೀವಿ. ಬರೋರು ಬನ್ನಿ, ಬೈಕ್ ಮನೇಲೇ ಬಿಟ್ಟು ಬನ್ನಿ.