ತಲೆಕೆಳಗಾದ ಗೋಪುರ

ದಸರೆ ರಜೆಗೆ ಬರುವ ಮೊಮ್ಮಕ್ಕಳಿಗೆ ಏನು ಕೊಡುವುದು? ಆಟಿಕೆ ಎರಡು ದಿನಕ್ಕೆ ಮುರಿಯುತ್ತದೆ, ಮಿಠಾಯಿ ಎರಡು ನಿಮಿಷಕ್ಕೆ ಮುಗಿಯುತ್ತದೆ. ಈ ಸಲ ಒಂದು ಒಗಟು ಕೊಡೋಣವೆಂದು ಅಣ್ಣ-ತಂಗಿ ಇಬ್ಬರನ್ನೂ ಹಂಪಿಗೆ ಕರೆದುಕೊಂಡು ಹೋದೆ.

ವಿರೂಪಾಕ್ಷ ದೇವಸ್ಥಾನದ ಮುಂದಿನ ರಾಜಗೋಪುರ ಒಂಬತ್ತು ಅಂತಸ್ತಿನದು, ಸುಮಾರು 50 ಮೀಟರ್ ಎತ್ತರ. ದೇವಸ್ಥಾನದ ಹಿಂಭಾಗದ ಕತ್ತಲೆಯ ಕೋಣೆಯಲ್ಲಿ ಅದೇ ಗೋಪುರ ಗೋಡೆಯ ಮೇಲೆ ಪುಟ್ಟದಾಗಿ, ತಲೆಕೆಳಗಾಗಿ ನಿಂತಿರುತ್ತದೆ! ಜನ ಇದನ್ನು ನೆರಳು ಎನ್ನುತ್ತಾರೆ. ನೆರಳಲ್ಲ, ಬೆಳಕೇ ಬರೆದ ಚಿತ್ರ.

"ಎಲ್ಲೋ ಕನ್ನಡಿ ಇಟ್ಟಿದ್ದಾರೆ ಅಜ್ಜಾ" ಎಂದು ಮೊಮ್ಮಗ ಹುಡುಕಿದ. ಸಿಕ್ಕಿದ್ದು ಎದುರು ಗೋಡೆಯ ಸಣ್ಣ ಕಿಂಡಿ ಮಾತ್ರ. ಉತ್ತರ ಹೇಳಲಿಲ್ಲವೆಂದು ಹೊಸಪೇಟೆಯವರೆಗೂ ನನ್ನೊಡನೆ ಮಾತು ಬಿಟ್ಟ.

ಮನೆಗೆ ಬಂದವರೇ ಚಪ್ಪಲಿಯ ಡಬ್ಬಿಗೆ ಒಂದು ಕಡೆ ಸೂಜಿಯಿಂದ ತೂತು ಮಾಡಿದರು. ಎದುರು ಬದಿ ಕತ್ತರಿಸಿ ಎಣ್ಣೆ ಸವರಿದ ತೆಳು ಕಾಗದ ಅಂಟಿಸಿದರು. ತಲೆಗೆ ಕಂಬಳಿ ಹೊದ್ದು ನೋಡಿದರೆ, ಅಂಗಳದ ತೆಂಗಿನಮರ ತಲೆಕೆಳಗು! ಬೆಳಕು ನೇರವಾಗಿಯೇ ಹೋಗುವುದರಿಂದ ಮರದ ತುದಿಯದು ತೂತು ದಾಟಿ ಕೆಳಗಿಳಿಯುತ್ತದೆ, ಬುಡದದು ಮೇಲೇರುತ್ತದೆ ಎಂದು ಮೊಮ್ಮಗಳು ಬೆರಳಲ್ಲೇ ಗೆರೆ ಎಳೆದು ತೋರಿಸಿದಳು.

ಮರದಡಿ ಬೀಳುವ ದುಂಡು ಬಿಸಿಲಚುಕ್ಕಿಗಳೂ ಹೀಗೆಯೇ, ಎಲೆಗಳ ಸಂದಿನಿಂದ ಮೂಡಿದ ಸೂರ್ಯನ ಚಿತ್ರಗಳು. 2019ರ ಡಿಸೆಂಬರ್ 26ರ ಗ್ರಹಣದಲ್ಲಿ ಅವೆಲ್ಲ ಬಿದಿಗೆ ಚಂದ್ರನಂತೆ ಬಾಗಿದ್ದವು.

"ಹಾಗಾದರೆ ಅಜ್ಜಾ, ನಮ್ಮ ಕಣ್ಣಿಗೂ ಸಣ್ಣ ಕಿಂಡಿಯೇ ಅಲ್ವಾ? ನಮಗ್ಯಾಕೆ ಎಲ್ಲ ನೆಟ್ಟಗೆ ಕಾಣುತ್ತೆ?" ಎಂದ ಮೊಮ್ಮಗ.

ಅದು ಸಂಕ್ರಾಂತಿ ರಜೆಗೆ ಎಂದೆ.