ಕಾಳಿ ಕಡಲನ್ನು ಸೇರುವ ಊರು: ಕಾರವಾರದಲ್ಲಿ ಒಂದು ದಿನ

ಉಳವಿಯ ಜಾತ್ರೆಗೆ ಹೋಗಿಬರುವ ಮನೆತನಗಳು ನಮ್ಮಲ್ಲಿ ಅನೇಕ. ಚಕ್ಕಡಿ ಹೂಡಿಕೊಂಡು, ಬುತ್ತಿ ಕಟ್ಟಿಕೊಂಡು ಹೋಗಿ, ಚೆನ್ನಬಸವಣ್ಣನವರ ಸಮಾಧಿಯ ದರ್ಶನ ಪಡೆದು, ಬಂದ ದಾರಿಯಲ್ಲಿಯೇ ಹಿಂದಿರುಗುವುದು ವಾಡಿಕೆ. ಉಳವಿಯಿರುವ ಅದೇ ಜೊಯಿಡಾ ತಾಲೂಕಿನಲ್ಲಿ ಹುಟ್ಟುವ ಕಾಳಿ ನದಿಯು 184 ಕಿಲೋಮೀಟರು ಹರಿದು ಎಲ್ಲಿ ಕಡಲನ್ನು ಸೇರುತ್ತದೆಂಬುದನ್ನು ನೋಡಲು ಹೋಗುವವರು ವಿರಳ. ಆ ಸಂಗಮದ ಊರೇ ಕಾರವಾರ. ಒಂದು ಭಾನುವಾರವನ್ನು ಅಲ್ಲಿ ಕಳೆಯಬೇಕೆಂದು ನಾವು ಮೂವರು ಗೆಳೆಯರು ನಿಶ್ಚಯಿಸಿದೆವು. ವಸತಿಗೃಹದ ಖರ್ಚು ಉಳಿಯಲೆಂದು ಹುಬ್ಬಳ್ಳಿಯಿಂದ ರಾತ್ರಿಯ ಬಸ್ಸನ್ನೇ ಹಿಡಿದೆವು. ಹೆಗಲಿಗೊಂದು ಚೀಲ, ಅದರಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಅಷ್ಟೇ ನಮ್ಮ ಸರಂಜಾಮು.

ಪಶ್ಚಿಮಕ್ಕೆ ಮುಖ ಮಾಡಿದ ದಂಡೆಯಾದುದರಿಂದ ಇಲ್ಲಿ ಸೂರ್ಯನು ಕಡಲಿನಿಂದ ಏಳುವುದಿಲ್ಲ. ಬೆನ್ನ ಹಿಂದಿನ ಸಹ್ಯಾದ್ರಿಯ ನೆತ್ತಿಯನ್ನು ದಾಟಿ ಬೆಳಕು ನಿಧಾನವಾಗಿ ಇಳಿಯುತ್ತದೆ. ಮೊದಲು ದೂರದ ನಡುಗಡ್ಡೆಗಳು ಬೆಳಗುತ್ತವೆ, ಅನಂತರ ಅಲೆಗಳು, ಕಟ್ಟಕಡೆಗೆ ನಾವು ನಿಂತ ಮರಳು. ಗಾಳಿಮರಗಳ ಸಾಲಿನಲ್ಲಿ ಒಂದೇ ಸಮನೆ ಸುಯ್ಯೆನ್ನುವ ಸದ್ದು. ದಂಡೆಯ ಬದಿಯಲ್ಲಿ ನೌಕಾದಳದಿಂದ ನಿವೃತ್ತವಾದ ‘ಚಪಲ್’ ಎಂಬ ಕ್ಷಿಪಣಿ ನೌಕೆಯನ್ನು ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ. ನಾವು ಅದನ್ನು ಹೊರಗಿನಿಂದಲೇ ನೋಡಿ ಮುಂದೆ ನಡೆದೆವು.

ಈ ದಂಡೆಗೆ ಕವಿ ರವೀಂದ್ರನಾಥ ಟಾಗೋರರ ಹೆಸರಿದೆ. ಹೆಸರು ಬರಿಯ ಅಲಂಕಾರಕ್ಕಾಗಿ ಇಟ್ಟುದಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರ ಸುಮಾರಿಗೆ, ಇಪ್ಪತ್ತೆರಡರ ಆಸುಪಾಸಿನ ರವೀಂದ್ರರು ಬಂದು ಕೆಲಕಾಲ ತಂಗಿದ್ದರು. ‘ಪ್ರಕೃತಿರ ಪ್ರತಿಶೋಧ’ ಎಂಬ ನಾಟಕವನ್ನು ಬರೆದದ್ದು ಇಲ್ಲಿಯೇ. ಅದರ ಕಥಾನಾಯಕನೊಬ್ಬ ಸನ್ಯಾಸಿ. ಮಮತೆಯ ಕಟ್ಟುಗಳನ್ನೆಲ್ಲ ಕಡಿದುಕೊಂಡು ಲೋಕವನ್ನು ಗೆದ್ದೆನೆಂದು ಆತನು ಭಾವಿಸಿರುತ್ತಾನೆ. ಮೈಲಿಗೆಯವಳೆಂದು ಊರವರು ದೂರವಿಟ್ಟ ಒಬ್ಬ ಅನಾಥ ಬಾಲಿಕೆ ಅವನನ್ನು ಆಶ್ರಯಿಸುತ್ತಾಳೆ. ತನ್ನಲ್ಲಿ ವಾತ್ಸಲ್ಯ ಮೂಡುತ್ತಿರುವುದನ್ನು ಕಂಡು ಹೆದರಿದ ಸನ್ಯಾಸಿ ಅವಳನ್ನು ತೊರೆದು ಓಡುತ್ತಾನೆ. ಕೊನೆಗೆ ಮನಸ್ಸು ತಿರುಗಿ ಹುಡುಕಿಕೊಂಡು ಬರುವ ಹೊತ್ತಿಗೆ ಹುಡುಗಿ ಬದುಕಿರುವುದಿಲ್ಲ. ತಮ್ಮ ಮುಂದಿನ ಬರವಣಿಗೆಗೆಲ್ಲ ಇದನ್ನು ಒಂದು ಪೀಠಿಕೆಯೆಂದು ಕಾಣಬಹುದೆಂದು ಕವಿಗಳು ತಮ್ಮ ಜೀವನಸ್ಮೃತಿಯಲ್ಲಿ ಹೇಳಿಕೊಂಡಿದ್ದಾರೆ. ಅದೇ 1883ರ ಡಿಸೆಂಬರಿನಲ್ಲಿ ಅವರ ವಿವಾಹವಾಯಿತೆಂಬುದನ್ನು ನೆನೆದಾಗ ನಮ್ಮಲ್ಲೊಬ್ಬರು ನಕ್ಕರು.

ಹೊತ್ತೇರಿದ ಮೇಲೆ ಸಂತೆಯತ್ತ ಹೊರಟೆವು. ಭಾನುವಾರದ ಸಂತೆ ಇಲ್ಲಿ ದೊಡ್ಡದು. ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಒಕ್ಕಲಿಗರ ತಾಯಂದಿರು ಸೊಪ್ಪು, ಗೆಣಸುಗಳನ್ನು ಹರವಿಕೊಂಡು ಕುಳಿತಿದ್ದರು. ಪಕ್ಕದಲ್ಲಿಯೇ ಘಟ್ಟದ ಮೇಲಿನ ವ್ಯಾಪಾರಿಗಳ ಈರುಳ್ಳಿ, ಮೆಣಸಿನಕಾಯಿ. ಒಂದು ಕಿವಿಗೆ ಕೊಂಕಣಿ, ಇನ್ನೊಂದಕ್ಕೆ ನಮ್ಮ ಧಾರವಾಡದ ಕನ್ನಡ! ಕಡಲೂರಿನಲ್ಲಿ ಶಾಕಾಹಾರಿಗಳ ಗತಿಯೇನೆಂದು ಮನೆಯವರು ಚಿಂತಿಸಿದ್ದರು. ಆ ಚಿಂತೆಗೆ ಕಾರಣವಿರಲಿಲ್ಲ. ಚಿಕ್ಕದೊಂದು ಖಾನಾವಳಿಯಲ್ಲಿ ಕುಚ್ಚಲಕ್ಕಿಯ ಅನ್ನ, ತೊವ್ವೆ, ಕೋಕಮ್ಮಿನ ಸಾರು ದೊರೆತವು. ಆ ಸಾರನ್ನು ನಾವು ಮೂರು ಸಲ ಬಡಿಸಿಕೊಂಡೆವು.

ಈ ಊರಿಗೂ ನಮ್ಮ ಸೀಮೆಗೂ ಇರುವ ನಂಟು ಇಂದಿನದಲ್ಲ. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯು ಹದಿನೇಳನೆಯ ಶತಮಾನದಲ್ಲಿ ಇಲ್ಲಿ ಕೋಠಿಯನ್ನು ತೆರೆದಾಗ ಹಡಗೇರುತ್ತಿದ್ದ ಮುಖ್ಯ ಸರಕುಗಳಲ್ಲಿ ಹುಬ್ಬಳ್ಳಿಯ ಕಡೆಯ ನೇಕಾರರ ನಯವಾದ ಬಟ್ಟೆಯೂ ಒಂದು. ಮುಂದೆ ಧಾರವಾಡದ ಹತ್ತಿಗೆ ಬಂದರು ಬೇಕೆಂಬ ಕಾರಣದಿಂದಲೇ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಆದರೆ ರೈಲು ಹೋದದ್ದು ಗೋವೆಯ ಮಾರ್ಮಗೋವಿಗೆ. ಕಾರವಾರಕ್ಕೆ ಹುಬ್ಬಳ್ಳಿಯಿಂದ ಹಳಿ ಬೀಳಲಿಲ್ಲ.

ಹೀಗೆ ಈ ಕಡಲನ್ನು ಒಬ್ಬರಾದ ಮೇಲೊಬ್ಬರು ಬಯಸುತ್ತಲೇ ಬಂದಿದ್ದಾರೆ. ಅಪರಾಹ್ನ ಬೈತಖೋಲದ ಬಂದರಿನ ಕಡೆ ನಡೆದಾಗ ಅದರ ಬೆಲೆಯೇನೆಂಬುದು ನಮಗೆ ಅರಿವಾಯಿತು. ಬಲೆಯ ಹರಕನ್ನು ಹೊಲಿಯುತ್ತ ಕುಳಿತಿದ್ದ ವೃದ್ಧರೊಬ್ಬರು, ನಮ್ಮ ಮಾತಿನ ಧಾಟಿಯಿಂದಲೇ ಘಟ್ಟದ ಮೇಲಿನವರೆಂದು ಗುರುತಿಸಿ, ಕುಳಿತುಕೊಳ್ಳಲು ಜಾಗ ಮಾಡಿಕೊಟ್ಟರು. ದಕ್ಷಿಣದಲ್ಲಿ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದಿತು. 2005ರಲ್ಲಿ ‘ಕದಂಬ’ ಎಂಬ ಹೆಸರಿನಿಂದ ಅದು ಕಾರ್ಯಾರಂಭ ಮಾಡಿತು. ಅದಕ್ಕಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ತೋಟ, ದಂಡೆಗಳನ್ನು ಬಿಟ್ಟು ತೋಡೂರು ಮೊದಲಾದ ಪುನರ್ವಸತಿ ಕಾಲೊನಿಗಳಿಗೆ ನಡೆದವು. ಪರಿಹಾರದ ವ್ಯಾಜ್ಯಗಳು ದಶಕಗಟ್ಟಲೆ ಎಳೆದವು. ದೇಶದ ರಕ್ಷಣೆಗೆಂದು ಕೊಟ್ಟೆವು, ಅದಕ್ಕೆ ದುಃಖವಿಲ್ಲ. ದೋಣಿ ಎಳೆಯಲು ಉಳಿದಿರುವ ಈ ಒಂದು ದಂಡೆಯನ್ನಾದರೂ ಬಿಡಿರೆಂದು ಕೇಳಿದೆವು ಎಂಬುದು ಆ ಹಿರಿಯರ ಮಾತಿನ ಸಾರ. 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ವಿಸ್ತರಣೆಗಾಗಿ ಟಾಗೋರ್ ದಂಡೆಯಲ್ಲಿ ತಡೆಗೋಡೆಯ ಕೆಲಸ ಮೊದಲಾದಾಗ ಮೀನುಗಾರರು ಬೀದಿಗಿಳಿದರು, ಹೆಂಗಸರು ನೀರಿಗೂ ಇಳಿದರು, ಪೇಟೆ ಮುಚ್ಚಿತು. ವಿಷಯವು ಹೈಕೋರ್ಟಿಗೆ ಹೋಗಿ ಕೆಲಸ ನಿಂತಿತು. ಬೆಳಿಗ್ಗೆ ನಾವು ಕಾಸು ಖರ್ಚಿಲ್ಲದೆ ಅಡ್ಡಾಡಿದ ಆ ಮರಳು ಹಾಗೆ ಉಳಿದುಕೊಂಡದ್ದು.

ಸಂಜೆ ಊರ ಬಸ್ಸು ಹತ್ತಿ ಕಾಳಿಯನ್ನು ದಾಟಿ ಸದಾಶಿವಗಡಕ್ಕೆ ಹೋದೆವು. ಹೊಸ ಸೇತುವೆಯ ಪಕ್ಕದಲ್ಲಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ನದಿಗೆ ಬಿದ್ದಿತು. ಅದರೊಡನೆ ಬಿದ್ದ ಲಾರಿಯ ಚಾಲಕನು ಪುಣ್ಯವಶಾತ್ ಬದುಕಿಕೊಂಡನು. ಬಸ್ಸು ಅಲ್ಲಿ ಸಾಗುವಾಗ ಮಾತನಾಡುತ್ತಿದ್ದವರೂ ಒಮ್ಮೆ ಕಿಟಕಿಯ ಹೊರಗೆ ನೋಡುತ್ತಾರೆ.

ಗಡವನ್ನು ಕಟ್ಟಿಸಿದವರು ಸ್ವಾದಿಯ ಅರಸರು. 1715ರ ಸುಮಾರಿಗೆ ಬಸವಲಿಂಗ ಅರಸನು ತನ್ನ ತಂದೆ ಸದಾಶಿವನ ಹೆಸರನ್ನು ಇದಕ್ಕಿಟ್ಟನು. ಹೆದ್ದಾರಿಗಾಗಿ ಗುಡ್ಡವನ್ನು ಸೀಳಿದ್ದರಿಂದ ಕೋಟೆಯ ಪೂರ್ವರೂಪ ಉಳಿದಿಲ್ಲ. ಆದರೆ ಮೇಲೆ ನಿಂತರೆ ನದಿಯೂ ಕಡಲೂ ಕೂಡುವ ನೋಟಕ್ಕೆ ಯಾವ ಕುಂದೂ ಇಲ್ಲ. ಒಂದು ಬೆಳುದಿಂಗಳ ರಾತ್ರಿ ರವೀಂದ್ರರು ಚಿಕ್ಕ ದೋಣಿಯಲ್ಲಿ ಈ ನದಿಯನ್ನೇರಿ ಹೋಗಿ, ಹಳೆಯ ಗಿರಿದುರ್ಗವೊಂದರ ಬಳಿ ರೈತನೊಬ್ಬನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕುಳಿತು ತಂದ ಬುತ್ತಿಯನ್ನು ಉಂಡು, ಇಳಿತದ ನೀರಿನೊಡನೆ ಮರಳಿದ್ದರಂತೆ. ನಮ್ಮ ಚೀಲದಲ್ಲಿಯೂ ನಾಲ್ಕು ರೊಟ್ಟಿ ಉಳಿದಿದ್ದವು. ಬಂಡೆಯ ಮೇಲೆ ಕುಳಿತು ಹಂಚಿಕೊಂಡು ತಿಂದೆವು. ಕೆಳಗೆ ಅಳಿವೆಯಿಂದ ಒಂದೊಂದಾಗಿ ದೋಣಿಗಳು ಹೊರಬಿದ್ದವು. ದೇವಗಡದ ದೀಪಸ್ತಂಭ ಮಿನುಗತೊಡಗಿದಾಗ, ಹುಬ್ಬಳ್ಳಿಯ ಬಸ್ಸಿಗೆ ಹೊತ್ತಾಯಿತೆಂದು ಗುಡ್ಡವನ್ನು ಇಳಿದೆವು.